ಮೀನಿನ ತೊಟ್ಟಿಯ ಕರೆಂಟ್ ಲೆಕ್ಕ

ನಮ್ಮ ಮನೆಯ ಹಾಲ್‌ನಲ್ಲಿ ಎರಡು ಅಡಿಯ ಅಕ್ವೇರಿಯಂ ಇದೆ. ಭಾಯಿಜಾನ್ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವಾಗ ಗಪ್ಪಿ, ಮಾಲಿ ಮೀನುಗಳನ್ನು ನನಗೆ ಒಪ್ಪಿಸಿ ಹೋದರು. ಹಾಸನದ ಡಿಸೆಂಬರ್ ಚಳಿಗೆ ಇವು ತಡೆಯುವುದಿಲ್ಲ, ಹೀಟರ್ ಬೇಕು. ಹೀಟರ್ ಬಂದ ದಿನವೇ ಮನೆಯಲ್ಲಿ ಚರ್ಚೆ ಶುರುವಾಯಿತು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು ಎಂಬುದು ಅಬ್ಬಾ ಅವರ ಚಿಂತೆ. ಅಮ್ಮಿಯದು ಬೇರೆ. ಆರು ವರ್ಷದ ತಮ್ಮ ದಿನಕ್ಕೆ ಹತ್ತು ಸಲ ತೊಟ್ಟಿಗೆ ಕೈ ಹಾಕುತ್ತಾನೆ. “ಮೀನು ಬೇಕಾ, ಮಗು ಬೇಕಾ?” ಎಂದು ಅಮ್ಮಿ ಕೇಳಿದ್ದು ಉರ್ದುವಿನಲ್ಲಿ, ಕನ್ನಡದಲ್ಲಿ ಬರೆದರೆ ಅಷ್ಟು ಖಾರ ಬರುವುದಿಲ್ಲ.

ನಾನು ಸೈನ್ಸ್ ಓದುತ್ತಿಲ್ಲ, ಆದರೆ ಲೆಕ್ಕ ಬರುತ್ತದೆ. ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದೆ. ಹೀಟರ್ 100 ವ್ಯಾಟ್, ಫಿಲ್ಟರ್ 15, ಲೈಟ್ 18, ಏರ್ ಪಂಪ್ 5. ಒಟ್ಟು 138. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ 0.6 ಆಂಪಿಯರ್. ನಮ್ಮ ಎಕ್ಸ್‌ಟೆನ್ಷನ್ ಬೋರ್ಡ್ 6 ಆಂಪಿಯರಿನದು, ಅಂದರೆ ಹತ್ತನೇ ಒಂದು ಪಾಲು. ಹೀಟರ್ ದಿನಕ್ಕೆ ಹತ್ತು ಗಂಟೆ, ಲೈಟ್ ಎಂಟು ಗಂಟೆ, ಉಳಿದೆರಡು ಇಡೀ ದಿನ ಎಂದು ಹಿಡಿದರೆ ತಿಂಗಳಿಗೆ ಸುಮಾರು 49 ಯೂನಿಟ್. ಅಬ್ಬಾ ಹಳೆಯ ಬಿಲ್ ತೆಗೆದು ಕೂಡಿಸಿ ನೋಡಿ ಸುಮ್ಮನಾದರು.

ಆದರೆ ಅದೇ ಬೋರ್ಡಿನಲ್ಲಿ ಇನ್ನೊಂದು ದೊಡ್ಡ ಖರ್ಚಿತ್ತು. ದಾದಿ ಫಜ್ರ್ ಹೊತ್ತಿಗೆ ವುಜೂ ನೀರು ಕಾಯಿಸುವ ಕೆಟಲ್, 1500 ವ್ಯಾಟ್. ಅದೊಂದೇ 6.5 ಆಂಪಿಯರ್! ಬೆಳಿಗ್ಗೆ ಬೋರ್ಡ್ ಬೆಚ್ಚಗಾಗುತ್ತಿದ್ದುದು ಮೀನುಗಳಿಂದಲ್ಲ. ಈಗ ಕೆಟಲ್ ಅಡುಗೆಮನೆಯ 16 ಆಂಪಿಯರ್ ಸಾಕೆಟ್ಟಿಗೆ ಹೋಗಿದೆ. ದಾದಿಗೆ ಅಷ್ಟು ದೂರ ನಡೆಯಲು ಕಷ್ಟ, ಅದಕ್ಕೆ ನನ್ನನ್ನೇ ಎಬ್ಬಿಸುತ್ತಾರೆ.

ಇಷ್ಟಾದರೂ ಅಮ್ಮಿಯ ಪ್ರಶ್ನೆ ಹಾಗೇ ಇತ್ತು. ಲೋಡ್ ಕಡಿಮೆ ಇದ್ದ ಮಾತ್ರಕ್ಕೆ ಶಾಕ್ ಹೊಡೆಯದೇ ಇರುತ್ತದೆಯೇ? ವೈರಿಂಗ್ ಕೆಲಸದ ಚಾಚಾ ಬಂದು ನೋಡಿದರು. ನೆಲದ ಮೇಲೆ ತೊಟ್ಟಿಯ ಕೆಳಗೇ ಇದ್ದ ಬೋರ್ಡನ್ನು ಪಕ್ಕದ ಗೋಡೆಗೆ ಹೊಡೆದರು. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಇಳಿದು, ಮತ್ತೆ ಮೇಲೆ ಹತ್ತುವಂತೆ ಬಿಟ್ಟರು. ವೈರಿನ ಮೇಲೆ ಜಾರಿ ಬಂದ ನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಮುಟ್ಟುವುದಿಲ್ಲ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಟ್ಟರು. ಕರೆಂಟ್ ಹೋದಾಗ ಗಾಳಿ ನಿಂತು, ತೊಟ್ಟಿಯ ನೀರು ಪೈಪಿನಲ್ಲಿ ಹಿಂದೆ ಬಂದು ಪಂಪಿನೊಳಗೆ ಸೇರಬಹುದಂತೆ. ಕರೆಂಟ್ ಮರಳಿದಾಗ ಒದ್ದೆ ಪಂಪೇ ಚಾಲೂ ಆಗುತ್ತದೆ. ನಮ್ಮ ಬೀದಿಯಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ನೆನೆದು ನನಗೆ ಮೈ ಜುಮ್ಮೆಂದಿತು.

ಆಮೇಲೆ ಚಾಚಾ ಮೀಟರ್ ಬೋರ್ಡ್ ತೆರೆದು ತೋರಿಸಿದರು. ಅಲ್ಲಿರುವುದು ಎಂಸಿಬಿ ಮಾತ್ರ. ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಜೀವ ಹೋಗಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು, ಅಷ್ಟಕ್ಕೆ ಎಂಸಿಬಿ ಬೀಳುವುದೇ ಇಲ್ಲ. ಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅಷ್ಟು ಕರೆಂಟ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ.

ಬಾಡಿಗೆ ಮನೆ, ಆದ್ದರಿಂದ ಮಾಲೀಕರು ಒಪ್ಪಬೇಕು. ಅಬ್ಬಾ ಭಾನುವಾರ ಹೋಗಿ ಮಾತಾಡುತ್ತಾರೆ. ಅಲ್ಲಿಯವರೆಗೆ ಅಮ್ಮಿಯ ಕಾನೂನು: ತೊಟ್ಟಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ ಹೊರಗೆ. ನೀರು ಬದಲಿಸುವ ದಿನ ಹೀಟರ್ ಆರಿಸಿ 15 ನಿಮಿಷ ಕಾಯಬೇಕು, ಇಲ್ಲವಾದರೆ ಬಿಸಿ ಗಾಜು ಸೀಳುತ್ತದೆ. ಆ 15 ನಿಮಿಷ ತಮ್ಮ ಗಡಿಯಾರದ ಕೆಳಗೇ ನಿಂತಿರುತ್ತಾನೆ.