ಅಜ್ಜಿಯ ಹರವಿ

ವಿಜ್ಞಾನವೆಂದರೆ ಪ್ರಯೋಗಶಾಲೆಯ ಗಾಜಿನ ನಳಿಗೆಗಳಲ್ಲಿ ಮಾತ್ರ ವಾಸಿಸುವ ವಸ್ತುವೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಕಳೆದದ್ದು ನಮ್ಮ ಮನೆಯ ಒಂದು ಮಣ್ಣಿನ ಹರವಿ.

ನಮ್ಮದು ರಾಯಚೂರಿನ ಸೀಮೆ. ಅಲ್ಲಿಯ ವೈಶಾಖದ ಬಿಸಿಲನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೆ ತಿಳಿಯುವುದಿಲ್ಲ. ಮನೆಯಲ್ಲಿ ಫ್ರಿಜ್ ಇದ್ದರೂ ಅದರ ನೀರು ಅಜ್ಜಿಯ ಹಲ್ಲಿಗೆ ಆಗದು. ಅವಳಿಗೆ ಹರವಿಯೇ ಬೇಕು. ಆ ಹರವಿಯಾದರೋ ಹಗಲಿರುಳೂ ಬೆವರುತ್ತಿತ್ತು, ಬುಡದ ನೆಲವೆಲ್ಲ ತೇವ. ಕಳೆದ ಬೇಸಗೆಯ ರಜೆಯಲ್ಲಿ ಈ ‘ಸೋರಿಕೆ’ಯನ್ನು ಕಂಡು ಮರುಗಿದ ನಾನು, ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಎಣ್ಣೆಬಣ್ಣವನ್ನು ಅದರ ಹೊರಮೈಗೆಲ್ಲ ಎರಡು ಸಲ ಬಳಿದೆ. ತೇವ ನಿಂತಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಐದನೆಯ ದಿನ ಕರೆಂಟು ಹೋಗಿ, ನಾನೂ ಹರವಿಗೆ ಶರಣಾಗಬೇಕಾಯಿತು. ನೀರು ಉಗುರುಬೆಚ್ಚಗಿತ್ತು!

“ಅಜ್ಜೀ, ನಾಕು ದಿನದಿಂದ ಇದನ್ನ ಕುಡಿಯಾಕ ಹತ್ತೀಯೇನು?”

“ನೀ ಆಸೆಪಟ್ಟು ಬಣ್ಣ ಹಚ್ಚೀದಿ, ಹ್ಯಾಂಗ ಹೇಳಲಿ ತಮ್ಮಾ? ಹರವಿ ಬೆವತರನ ನೀರು ತಣ್ಣಗಾಗತಾವ.”

ನಾಚಿಕೆಯಾಯಿತು. ಗುಪ್ತೋಷ್ಣದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದು ಅಂಕ ಗಳಿಸಿದವನು ನಾನು. ಹದಿನೆಂಟನೆಯ ಶತಮಾನದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ ವಿವರಿಸಿದ ತತ್ತ್ವವಿದು. ಬೇಸಗೆಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆ ಶಾಖವನ್ನು ಬಹುಮಟ್ಟಿಗೆ ಹರವಿಯಿಂದಲೇ ಕಸಿದುಕೊಂಡು ಹೋಗುತ್ತದೆ. ಹತ್ತು ಲೀಟರ್ ನೀರಿನಲ್ಲಿ 100 ಗ್ರಾಂ ಹೀಗೆ ಆವಿಯಾದರೆ, ಹೊರಗಿನ ಶಾಖ ಒಳಸೇರದ ಪಕ್ಷದಲ್ಲಿ, ಉಳಿದ ನೀರಿನ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯಬೇಕು. ನಾನು ಬಳಿದ ಬಣ್ಣ ಆ ರಂಧ್ರಗಳನ್ನೇ ಮುಚ್ಚಿತ್ತು.

ಮಂಗಳೂರಿನ ಗೆಳೆಯನೊಬ್ಬ ತಮ್ಮಲ್ಲಿ ಮಡಕೆಯ ನೀರು ಇಷ್ಟು ತಂಪಾಗುವುದಿಲ್ಲವೆನ್ನುತ್ತಾನೆ. ನಿಜ, ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಬೇಗ ಆವಿಯಾಗದು. ನಮ್ಮ ಸೀಮೆಯ ಒಣಗಾಳಿಯೇ ಹರವಿಗೆ ಬಲ.

ಫ್ರಿಜ್ ಬೇಡವೆಂದು ನಾನು ವಾದಿಸುತ್ತಿಲ್ಲ; ಹಾಲಿಗೂ ಔಷಧಿಗೂ ಅದು ಬೇಕು. ಆದರೆ ಅದು ಒಳಗಿನ ಶಾಖವನ್ನು ಅಡಿಗೆಮನೆಗೇ ಚೆಲ್ಲುತ್ತದೆ, ಅದಕ್ಕಾಗಿ ವಿದ್ಯುತ್ತನ್ನೂ ಬೇಡುತ್ತದೆ. ಕುಡಿಯುವ ನೀರಿನ ಮಟ್ಟಿಗೆ ಹರವಿ ಬೇಡುವುದು ನೆರಳು, ಗಾಳಿ ಮತ್ತು ಒಂದಿಷ್ಟು ತೇವದ ನೆಲ.

ಮುಂದಿನ ಸಂತೆಯಲ್ಲಿ ಅಜ್ಜಿ ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಹೊಸ ಹರವಿಯನ್ನು ಆರಿಸಿದಳು; ನಾನು ಹೊತ್ತು ತಂದೆ. ಹಸಿರು ಹರವಿಯಲ್ಲಿ ಈಗ ಹುಣಸೆಹಣ್ಣಿದೆ. ಹೊಸ ಹರವಿ ಚೆನ್ನಾಗಿ ಬೆವರತೊಡಗಿದ ದಿನ ಅಜ್ಜಿ ಮೊದಲ ಲೋಟ ನೀರನ್ನು ನನಗೇ ಕೊಟ್ಟಳು.