ಶರಾವತಿಯ ಅಳಿವೆಯಲ್ಲೊಂದು ಹಳೆಯ ಮೋಟಾರು ದೋಣಿ

ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲನ್ನು ಕೂಡುವ ಶರಾವತಿ, ಘಟ್ಟದ ಮೇಲೆ ಒಂದು ಬಗೆ, ಕೆಳಗೆ ಇನ್ನೊಂದು ಬಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಮೇಲೆ ಊರು, ಗದ್ದೆಗಳನ್ನು ಮುಳುಗಿಸಿ ನಿಂತ ವಿಶಾಲ ಹಿನ್ನೀರು. ಕೆಳಗೆ ಕಾಂಡ್ಲಾ ಗಿಡಗಳ ನಡುವೆ ಉಬ್ಬರವಿಳಿತಗಳ ಅಳಿವೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿನ ಭಕ್ತಾದಿಗಳಿಗೆ ಲಾಂಚಿಗಾಗಿ ಕಾಯುವ ಕಷ್ಟ ತಪ್ಪಿತು. ಆದರೆ ಹಿನ್ನೀರಿನ ಚಾಚುಗಳಾಚೆ ತೋಟವುಳ್ಳವರಿಗೆ ಆ ಸೇತುವೆ ಬಲು ಸುತ್ತು. ತುಮರಿ ಕಡೆಯ ನಮ್ಮ ಷಡ್ಡಕರದು ಅದೇ ಪಾಡು. ಹುಟ್ಟು ಹಾಕಿ ದಾಟುವ ವಯಸ್ಸು ಮೀರಿದ್ದರಿಂದ, ಹೊನ್ನಾವರದ ಬಳಿ ಹಳೆಯ ಮೋಟಾರು ದೋಣಿಯೊಂದು ಮಾರಾಟಕ್ಕಿದೆಯೆಂದು ಕೇಳಿ ನನ್ನನ್ನೂ ಕರೆದುಕೊಂಡು ಹೊರಟರು.

ಜೋಗವನ್ನು ದಾಟಿ, ಗೇರುಸೊಪ್ಪೆಯ ಘಟ್ಟವನ್ನಿಳಿದು ಹೊಳೆಯ ದಂಡೆಗೆ ಬಂದಾಗ ಬಿಸಿಲೇರಿತ್ತು. ತೆಂಗಿನ ನೆರಳಿನಲ್ಲಿ ಇಪ್ಪತ್ತು ಅಡಿಯ ಫೈಬರ್ ದೋಣಿ. ಹೊಸ ನೀಲಿ ಬಣ್ಣ. ಹಳೆಯ ದೋಣಿಗೆ ಹೊಸ ಬಣ್ಣ ಕಂಡರೆ ನನಗೇಕೋ ಸಂಶಯ. ಹಿಂಬದಿಯಲ್ಲಿ 40 ಅಶ್ವಶಕ್ತಿಯ ಫೋರ್-ಸ್ಟ್ರೋಕ್ ಎಂಜಿನ್. ದೋಣಿ ಕಟ್ಟಿದ ಕಾಲಕ್ಕೆ ಅಲ್ಲಿದ್ದುದು ಅಷ್ಟೇ ಶಕ್ತಿಯ ಟೂ-ಸ್ಟ್ರೋಕ್. ಎಪ್ಪತ್ತು ಎಪ್ಪತ್ತೈದು ಕಿಲೋ ಇದ್ದ ಜಾಗದಲ್ಲಿ ಈಗ ನೂರರ ಸಮೀಪ. ಇಪ್ಪತ್ತೈದು ಕಿಲೋ ಎಂದರೆ ಅರ್ಧ ಮೂಟೆ ಅಕ್ಕಿ, ಅದೇನು ಮಹಾ ಎನ್ನಬಹುದು. ಆದರೆ ಅದು ದೋಣಿಯ ನಡುವಿನಲ್ಲಿಲ್ಲ, ತುತ್ತತುದಿಯಲ್ಲಿ ತೂಗುತ್ತದೆ. ಹಿಂಭಾಗ ತಗ್ಗುತ್ತದೆ, ಮೂತಿ ಏಳುತ್ತದೆ, ಹಠಾತ್ತನೆ ನಿಲ್ಲಿಸಿದರೆ ಹಿಂದಿನ ಅಲೆ ಒಳಕ್ಕೆ ನುಗ್ಗುತ್ತದೆ.

ಅಲ್ಲಿಯೇ ಬಲೆ ಹೆಣೆಯುತ್ತಿದ್ದ ಹಿರಿಯ ಖಾರ್ವಿಯೊಬ್ಬರು ಎದ್ದು ಬಂದು, ಎಂಜಿನ್ ಹೊತ್ತ ಹಲಗೆಯನ್ನು ಮರದ ಕೊಡತಿಯಿಂದ ತಟ್ಟಿ ತೋರಿಸಿದರು. ಮೇಲೆ ಗಟ್ಟಿ ಸದ್ದು, ಕೆಳಗೆ ಬೊಳ್ಳು ಸದ್ದು. ಫೈಬರಿನ ಒಳಗಿನ ಪ್ಲೈವುಡ್ ನೀರು ಕುಡಿದಿದೆಯೆಂದರು. ನೆಲದಡಿಯ ಫೋಮು ಕೂಡ ಹಾಗೆಯೇ ನೀರು ಹೀರಿ ಭಾರವಾಗುವುದುಂಟಂತೆ. ಲಾರಿಯನ್ನು ಖಾಲಿಯಿದ್ದಾಗಲೊಮ್ಮೆ, ದೋಣಿ ಹೇರಿದಾಗಲೊಮ್ಮೆ ವೇಬ್ರಿಡ್ಜಿನ ಮೇಲೆ ನಿಲ್ಲಿಸಿದರೆ ಗುಟ್ಟು ಹೊರಬೀಳುತ್ತದೆ. ಇನ್ನೊಂದು ಮಾತು: ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಸಾಂದ್ರ. ಅಳಿವೆಯ ದೋಣಿ ಹಿನ್ನೀರಿಗೆ ಬಂದರೆ ಅದೇ ಹೊರೆಗೆ ತುಸು ಹೆಚ್ಚೇ ಮುಳುಗುತ್ತದೆ.

ಕಾಗದಪತ್ರಗಳದು ಇನ್ನೊಂದು ಕಥೆ. ನೋಂದಣಿ ಮಾರುವವರ ದಿವಂಗತ ತಂದೆಯ ಹೆಸರಿನಲ್ಲಿ, ಅದೂ ಮೀನುಗಾರಿಕೆಯ ದೋಣಿಯೆಂದು. ಎಂಜಿನ್ನಿನ ಸಂಖ್ಯೆ ಹಳೆಯದು. ಭಟ್ಕಳದಲ್ಲಿರುವ ತಂಗಿಯ ಸಹಿಯಿಲ್ಲ. "ಅಪ್ಪನ ದೋಣಿ, ಊರೆಲ್ಲ ಬಲ್ಲರು, ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಟ್ಟರಾಯಿತಲ್ಲ?" ಎಂದರು ಅವರು. "ಊರು ತಮ್ಮನ್ನು ಬಲ್ಲುದು, ಹಿನ್ನೀರಿನಲ್ಲಿ ಕೇಳುವವರು ನನ್ನನ್ನು ಕೇಳುತ್ತಾರೆ" ಎಂದರು ಷಡ್ಡಕರು. 1917ರ ಕಾಯಿದೆಯ ಸ್ಥಾನದಲ್ಲಿ ಬಂದಿರುವ 2021ರ ಒಳನಾಡು ಹಡಗುಗಳ ಕಾಯಿದೆಯಂತೆ ಯಂತ್ರಚಾಲಿತ ದೋಣಿಗೆ ನೋಂದಣಿಯೂ ಬೇಕು, ತಪಾಸಣೆಯ ಪ್ರಮಾಣಪತ್ರವೂ ಬೇಕು. ಇದು ಬರಿಯ ಕಚೇರಿಯ ಕಾಟವೆಂದು ಬಗೆಯಲಾಗದು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಗುಚಿ 22 ಜನರನ್ನು ಬಲಿತೆಗೆದುಕೊಂಡ ವಿಹಾರದೋಣಿ ಮೂಲತಃ ಮೀನುಗಾರಿಕೆಯದೇ. ರೂಪ ಬದಲಿಸಿ, ಮಿತಿಮೀರಿ ಜನರನ್ನು ಹತ್ತಿಸಿದ್ದರು. ಷಡ್ಡಕರ ದೋಣಿಯಲ್ಲಿ ದಿನವೂ ದಾಟಬೇಕಾದವರು ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು.

ಸಂಜೆಯ ಹೊತ್ತಿಗೆ ಮಾತು ಒಂದು ಹದಕ್ಕೆ ಬಂದಿತು. ಎಂಜಿನ್ ಬೇಡ, ದೋಣಿಯೊಂದೇ ಸಾಕು; ಹಿನ್ನೀರಿಗೆ ಸುಮಾರು ನಲವತ್ತು ಕಿಲೋ ತೂಗುವ 10 ಅಶ್ವಶಕ್ತಿಯ ಎಂಜಿನ್ ಧಾರಾಳವಾಯಿತು. ಹಿಂದಿನ ಹಲಗೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿಕೊಡಬೇಕು, ವಾರಸುದಾರರೆಲ್ಲ ಸಹಿ ಹಾಕಬೇಕು. ಅಲ್ಲಿಯವರೆಗೆ ಮುಂಗಡವಿಲ್ಲ. ಮಾರುವವರು ಮೊದಲು ಮುನಿದರೂ ಕೊನೆಗೆ ಎಳನೀರು ಕೆತ್ತಿಸಿ ಕೊಟ್ಟರು. ನೋಂದಣಿಪತ್ರದ ನಕಲನ್ನು ಮಡಿಚಿಟ್ಟುಕೊಂಡು, ಕತ್ತಲಾಗುವ ಮುನ್ನ ಘಟ್ಟ ಹತ್ತಿದೆವು.