ಕೆಂಪು ರೆಕ್ಕೆಯ ಬಿಳಿಮೀನು

ಹಾರಂಗಿಯ ಮೀನುಮರಿ ಕೇಂದ್ರದಲ್ಲಿ ನಮ್ಮ ಸೋದರಮಾವ ಕೆಲಸಕ್ಕಿದ್ದ ಕಾಲದ ಮಾತಿದು. ಒಂದು ಮಳೆಗಾಲ, ಮಹಶೀರ್, ಅಂದರೆ ನಮ್ಮ ಕಡೆಯ ಬಿಳಿಮೀನಿನ ಮೊಟ್ಟೆ ತೆಗೆಯೋದನ್ನ ನೋಡಲೇಬೇಕು ಅಂತ ಹಠ ಹಿಡಿದು ಮಾವನ ಹಿಂದೆ ಹೋಗಿದ್ದೆ. ಒದ್ದೆ ಬಟ್ಟೆಯಲ್ಲಿ ತಾಯಿಮೀನನ್ನ ಹಿಡಿದು, ಹೊಟ್ಟೆ ಮೇಲೆ ಹೆಬ್ಬೆರಳನ್ನ ಮೆಲ್ಲಗೆ ಜಾರಿಸಿದರೆ ಒಣ ಬೇಸಿನ್ನಿಗೆ ಮೊಟ್ಟೆ ಸುರಿಯಿತು, ಅರಿಶಿನದ ನೀರಲ್ಲಿ ನೆನೆಸಿಟ್ಟ ಸಬ್ಬಕ್ಕಿ ಥರ. ಅದರ ಮೇಲೆ ಗಂಡುಮೀನಿನ ಹಾಲು ಹಿಂಡಿ ಹಕ್ಕಿಗರಿಯಲ್ಲಿ ಕಲಸಿದರು. ನೀರು ಸೇರಿಸೋದು ಆಮೇಲೆ. ಕಾಟ್ಲಾ, ರೋಹು ಲಕ್ಷಗಟ್ಟಲೆ ಮೊಟ್ಟೆ ಇಟ್ಟರೆ ಇದರದ್ದು ಸಾವಿರಗಳ ಲೆಕ್ಕ. ಮರಿಯೊಡೆಯೋಕೆ ಮೂರು–ನಾಲ್ಕು ದಿನ. ಅಷ್ಟರಲ್ಲಿ ಸತ್ತ ಮೊಟ್ಟೆಗೆ ಬೂಸ್ಟು ಹಿಡಿದರೆ ಪಕ್ಕದ್ದಕ್ಕೂ ಹರಡುತ್ತೆ. ಕೂತು ಒಂದೊಂದೇ ಆರಿಸಿ ತೆಗೆಯಬೇಕು. ಮಾವನ ಅರ್ಧ ಕೆಲಸ ಅದೇ.

ಮರಿಗಳು ಬೆರಳುದ್ದ ಆದ ಮೇಲೆ ಹೊಳೆಗೆ ಬಿಡೋ ದಿನ ಬಂತು. ಶಾಲೆ ಮಕ್ಕಳು, ಪಂಚಾಯಿತಿಯವರು, ಬಲೆ ಬೀಸೋರು, ಎಲ್ಲ ಕಾವೇರಿ ದಡದಲ್ಲಿ ನೆರೆದಿದ್ದರು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿ ಬಂದವು. ಫೋಟೋಕ್ಕೆ ನಿಂತವರಿಗೆ ಅವಸರ. ಮಾವ ಬಿಡಲಿಲ್ಲ. "ಚೀಲ ಸ್ವಲ್ಪ ಹೊತ್ತು ಹೊಳೇಲಿ ತೇಲಲಿ ಸ್ವಾಮಿ. ಒಳಗಿನ ನೀರೂ ಹೊರಗಿನಷ್ಟೇ ತಣ್ಣಗಾಗಬೇಕು. ಈಗಲೇ ಸುರಿದರೆ ಮರಿ ತಡೆಯಲ್ಲ."

ಕಾಯೋ ಹೊತ್ತಲ್ಲಿ ಮಾತಿಗಿಳಿದವನು ಮುತ್ತತ್ತಿ ಕಡೆಯ ಒಬ್ಬ ಮುದುಕ. ಮಗಳ ಮನೆಗೆ ಬಂದಿದ್ದ. ಹರೆಯದಲ್ಲಿ ಮಡುವಿಗೆ ತೋಟೆ ಎಸೆದು ಮೀನು ಬಾಚಿದವನೇ. ಬೆಂಗಳೂರಿನ ವನ್ಯಜೀವಿ ಸಂಘದವರು ಆ ಕಡೆ ಹೊಳೆ ಗುತ್ತಿಗೆ ಹಿಡಿದ ಮೇಲೆ ಇಂಥವರನ್ನೇ ಕಾವಲಿಗೆ, ಗಾಳದ ಹವ್ಯಾಸಿಗಳಿಗೆ ದಾರಿ ತೋರಿಸೋಕೆ ಇಟ್ಟುಕೊಂಡರು. ಹಿಡಿದ ಮೀನನ್ನ ತೂಗಿ ವಾಪಸ್ ಹೊಳೆಗೇ ಬಿಡೋದು ಅಲ್ಲಿನ ಕಟ್ಟಳೆಯಾಗಿತ್ತು. "ಕಳ್ಳ ಯಾವ ಬಂಡೆ ಮರೇಲಿ ಕೂರ್ತಾನೆ ಅಂತ ನನಗಲ್ದೆ ಇನ್ಯಾರಿಗೆ ಗೊತ್ತು?" ಅಂತ ನಕ್ಕ.

ಆಮೇಲೆ ಚೀಲದೊಳಗೆ ಇಣುಕಿ ಕೇಳಿದ: "ಇವು ಯಾವ ಹೊಳೆ ಮೀನಿನ ಮರಿ? ನಮ್ಮ ಹಳೇ ಬಿಳಿಮೀನಿಗೆ ಬೆನ್ನು ಡುಬ್ಬ, ರೆಕ್ಕೆ ಕೆಂಪು. ಈಚೀಚೆಗೆ ಗಾಳಕ್ಕೆ ಬೀಳೋದೆಲ್ಲ ನೀಲಿ ರೆಕ್ಕೇದೇ."

"ಎಲ್ಲ ಮಹಶೀರೇ ಅಲ್ವಾ ಅಜ್ಜ?" ಅಂದ ನಮ್ಮಲ್ಲೊಬ್ಬ. ಚೀಲ ಬಿಚ್ಚಿದರು, ಮಕ್ಕಳು ಚಪ್ಪಾಳೆ ತಟ್ಟಿದರು, ಅಜ್ಜನ ಪ್ರಶ್ನೆ ಅಲ್ಲೇ ಉಳಿಯಿತು.

ಅವನ ಕಣ್ಣು ಸರಿಯಾಗೇ ಇತ್ತು. ಮಹಾರಾಷ್ಟ್ರದ ಲೋನಾವಳಾದಲ್ಲಿ ಟಾಟಾದವರ ಮರಿಕೇಂದ್ರ 1970ರ ದಶಕದಿಂದಲೇ ನೀಲಿ ರೆಕ್ಕೆಯ ಮಹಶೀರನ್ನ ಬೆಳೆಸಿ ದೇಶದ ನಾನಾ ನದಿಗಳಿಗೆ ಕಳಿಸುತ್ತಿತ್ತು. ಕಾವೇರಿಗೂ ಬಂತು. ಆ ಜಾತಿ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು, ಅದನ್ನ ಅಲ್ಲಗಳೆಯೋ ಹಾಗಿಲ್ಲ. ಆದರೆ ಕಾವೇರಿಯ ಡುಬ್ಬದ ಮಹಶೀರ್ ಮೂಲೆಗುಂಪಾಗೋಕೆ ಈ ಹೊರಗಿನ ಮೀನೂ ಒಂದು ಕಾರಣ ಅಂತ ಸಂಶೋಧಕರು ಆಮೇಲೆ ಹೇಳಿದರು. 50 ಕಿಲೋ ದಾಟುವ ಆ ಡುಬ್ಬದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು.

ನಿಮ್ಮೂರ ಹೊಳೆಗೂ ಮರಿ ಬಿಡೋರು ಬರಬಹುದು. ಹೋಗಿ, ಕೈಜೋಡಿಸಿ. ಚೀಲ ಬಿಚ್ಚೋ ಮೊದಲು ಮಾತ್ರ, ತಾಯಿಮೀನು ಯಾವ ಹೊಳೆಯದು ಅಂತ ಕೇಳಿ.